ಹಂಚಿಗೆ ಅಂಟಿದ ಹಿಡಿಬಟ್ಟೆ: ತಪ್ಪು ಕೈಯದಲ್ಲ, ದಾರದ್ದು

ಪ್ರಶ್ನೆ: ನನಗೆ 48 ವರ್ಷ, ದಾವಣಗೆರೆಯ ವಿದ್ಯಾನಗರದಲ್ಲಿ ಮನೆ. ಅಜ್ಜಿ ಕಲಿಸಿದ್ದ, ಕೊಕ್ಕೆಯ ಕಡ್ಡಿಯಲ್ಲಿ ದಾರ ಹೆಣೆಯುವ ಕ್ರೋಶೆಯನ್ನು ಮಗಳು ಕೆಲಸಕ್ಕೆ ಸೇರಿ ಬೆಂಗಳೂರಿಗೆ ಹೋದ ಮೇಲೆ ಮತ್ತೆ ಹಿಡಿದೆ. ಕಳೆದ ವರ್ಷ ಚಿತ್ರದುರ್ಗದಲ್ಲಿರುವ ನಾದಿನಿಯ ಗೃಹಪ್ರವೇಶಕ್ಕೆ ಉಲ್ಲನ್ ದಾರದಲ್ಲಿ ಎರಡು ಹಿಡಿಬಟ್ಟೆ, ಹತ್ತಿ ದಾರದಲ್ಲಿ ಕೆಂಪು ಅಂಚಿನ ಬಿಳಿ ಮೇಜುಹಾಸು, ದೇವರ ಮನೆಗೊಂದು ದುಂಡು ಹಾಸು ಹೆಣೆದುಕೊಟ್ಟೆ. ರೊಟ್ಟಿ ಹಂಚು ಇಳಿಸುವಾಗ ಹಿಡಿಬಟ್ಟೆ ಹಂಚಿಗೇ ಅಂಟಿಕೊಂಡು ಅವರ ಬೆರಳು ಸುಟ್ಟಿತು. ಮೇಜುಹಾಸಿನ ಕೆಂಪು ಮೊದಲ ಒಗೆತಕ್ಕೇ ಬಿಳಿಗೆ ಹತ್ತಿತು. ಮುಂದಿನ ಸಲ ಉಪ್ಪು, ವಿನೆಗರ್ ಹಾಕಿ ನೆನೆಸು ಎನ್ನುತ್ತಾರೆ ಪಕ್ಕದ ಮನೆಯವರು. ದುಂಡು ಹಾಸು ಸಪಾಟಾಗಿ ಕೂರದೆ ಅಂಚು ಮೇಲೆತ್ತಿಕೊಂಡಿದೆ. ಅದನ್ನು ಅಜ್ಜಿಯ ಕಾಲದ ಪುಸ್ತಕ ನೋಡಿಕೊಂಡು ಹಾಕಿದೆ, ಮರೆತಿದ್ದ ಹೊಲಿಗೆಯನ್ನು ಮೊಬೈಲಿನ ವಿಡಿಯೊದಲ್ಲಿ ಕಲಿತೆ. "ಇಷ್ಟು ದುಡ್ಡಿಗೆ ಅಂಗಡಿಯಲ್ಲಿ ಯಂತ್ರದ್ದೇ ಇದಕ್ಕಿಂತ ಚೆನ್ನಾಗಿ ಸಿಗುತ್ತದೆ" ಎಂದು ಯಾರೋ ಅಂದರು. ಬರುವ ವೈಶಾಖದಲ್ಲಿ ಮಗಳ ಮದುವೆ, ಆರು ತಿಂಗಳಿದೆ. ಬೀಗರ ಕಡೆಯ 60 ಹೆಣ್ಣುಮಕ್ಕಳಿಗೆ ತಾಂಬೂಲದ ಜೊತೆ ಕೈಯಾರೆ ಮಾಡಿದ ಉಡುಗೊರೆ ಕೊಡುವ ಆಸೆ. ತರಕಾರಿ ಚೀಲದ ಆಲೋಚನೆಯೂ ಇದೆ. ಅಕ್ಕನ ಮೊಮ್ಮಗುವಿನ ತೊಟ್ಟಿಲಿಗೆ ಒಂದು ಹೊದಿಕೆಯೂ ಬೇಕು. ಆದರೆ ರಾತ್ರಿ ಬೆರಳು ಜೋಮು ಹಿಡಿಯುತ್ತದೆ. ಕಣ್ಣು ಹಾಳುಮಾಡಿಕೊಳ್ಳುತ್ತೀಯ ಎಂದು ಮನೆಯವರು ಬೈಯುತ್ತಾರೆ. ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ. ನೀವು ಪತ್ರದ ಜೊತೆ ಕಳಿಸಿದ ಚಿತ್ರಗಳನ್ನು ದೊಡ್ಡದು ಮಾಡಿ ನೋಡಿದ್ದೇನೆ. ಮೇಜುಹಾಸಿನ ಕಂಬಗಳೆಲ್ಲ, ಅಂದರೆ ಎದ್ದು ನಿಲ್ಲುವ ಹೊಲಿಗೆಗಳೆಲ್ಲ, ಒಂದೇ ಎತ್ತರಕ್ಕಿವೆ, ಮೂಲೆಗಳು ಸರಿಯಾಗಿ ತಿರುಗಿವೆ, ಹಿಂಬದಿಯಲ್ಲಿ ದಾರದ ತುದಿಗಳು ಜೋಲಾಡುತ್ತಿಲ್ಲ. ಹತ್ತು ಹನ್ನೆರಡು ಸಾಲು ಹೆಣೆದು ಸುಸ್ತಾಗುವವರ ಕೆಲಸ ಅದಲ್ಲ. ನಿಮ್ಮ ಮೂರು ಸೋಲುಗಳಲ್ಲಿ ಎರಡು ನೀವು ಕಡ್ಡಿ ಕೈಗೆ ತೆಗೆದುಕೊಳ್ಳುವ ಮೊದಲೇ, ದಾರದ ಅಂಗಡಿಯಲ್ಲಿಯೇ ಆಗಿಹೋಗಿವೆ. ಕ್ರೋಶೆ ಕಲಿಸುವವರು, ನಾನೂ ಸೇರಿ, ಹೊಲಿಗೆಯ ಮೇಲೆ ತೋರಿಸುವ ಶ್ರದ್ಧೆಯ ಕಾಲು ಭಾಗವನ್ನೂ ದಾರದ ಮೇಲೆ ತೋರಿಸುವುದಿಲ್ಲ. ಹಾಗಾಗಿ ಕೈ ಪಳಗಿದವರೇ ಹೀಗೆ ಎಡವುತ್ತಾರೆ.

ಮೊದಲು ಹಿಡಿಬಟ್ಟೆ, ಏಕೆಂದರೆ ಅಲ್ಲಿ ಬೆರಳು ಸುಟ್ಟಿದೆ. ನಮ್ಮ ಪೇಟೆಯ ಅಂಗಡಿಗಳಲ್ಲಿ ಉಲ್ಲನ್ ಎಂದು ಕೊಡುವ ಬಣ್ಣಬಣ್ಣದ ಉಂಡೆಗಳಲ್ಲಿ ಬಹುಪಾಲು ಅಕ್ರಿಲಿಕ್. ಕುರಿಯ ಮೈಗೂ ಅದಕ್ಕೂ ಸಂಬಂಧವಿಲ್ಲ. ನಿಜವಾದ ಕುರಿ ಉಣ್ಣೆ ಹೇಗಿರುತ್ತದೆ ಎಂದು ತಿಳಿಯಬೇಕಾದರೆ ಚಳ್ಳಕೆರೆ ಕಡೆಯ ಕಂಬಳಿಯನ್ನು ಒಮ್ಮೆ ಮುಟ್ಟಿ ನೋಡಿ. ಅಕ್ರಿಲಿಕ್ ಪೆಟ್ರೋಲಿಯಂ ಮೂಲದ ಕೃತಕ ನೂಲು, ನೇರವಾಗಿ ಹೇಳುವುದಾದರೆ ಎಳೆ ಎಳೆಯಾಗಿಸಿದ ಪ್ಲಾಸ್ಟಿಕ್. ಅದನ್ನು ಕೀಳಾಗಿ ನೋಡುವವನು ನಾನಲ್ಲ. ಅಗ್ಗ, ಹಗುರ, ಬಣ್ಣ ಬಿಡುವುದು ಕಡಿಮೆ, ಬೇಗ ಒಣಗುತ್ತದೆ, ನುಸಿ ತಿನ್ನುವುದಿಲ್ಲ. ಶಾಲು, ದಿಂಬಿನ ಕವರ್, ಬಾಗಿಲ ತೋರಣಕ್ಕೆ ಅದೇ ಸರಿ. ಆದರೆ ಬಿಸಿಯ ಹತ್ತಿರ ಅದು ಬರಬಾರದು. ಕುದಿಯುವ ನೀರಿನ ಬಿಸಿಗೇ ಅದರ ಎಳೆ ಬಿಗಿ ಕಳೆದುಕೊಳ್ಳತೊಡಗುತ್ತದೆ. ಜೋಳದ ರೊಟ್ಟಿ ಬೇಯುವಾಗ ಹಂಚು 200 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಅಲ್ಲಿ ಅಕ್ರಿಲಿಕ್ ಮೆತ್ತಗಾಗಿ ಲೋಹಕ್ಕೆ ಅಂಟುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಚರ್ಮಕ್ಕೂ ಅಂಟುತ್ತದೆ, ಕಿತ್ತರೆ ಚರ್ಮ ಸಹಿತ ಬರುತ್ತದೆ. ನಿಮ್ಮ ನಾದಿನಿಯ ಹತ್ತಿರ ಉಳಿದಿರುವ ಇನ್ನೊಂದು ಹಿಡಿಬಟ್ಟೆಯನ್ನು ಇವತ್ತೇ ಅಡುಗೆಮನೆಯಿಂದ ತೆಗೆಸಿ. "ಟೀ ಪಾತ್ರೆಗಷ್ಟೇ ಇಟ್ಟುಕೊಳ್ಳುತ್ತೇನೆ" ಎಂದು ಅವರು ಹೇಳಿದರೂ ಬೇಡ. ಅವಸರದಲ್ಲಿ ಕೈಗೆ ಸಿಕ್ಕಿದ್ದನ್ನು ಹಿಡಿಯುವುದೇ ಅಡುಗೆಮನೆಯ ರೂಢಿ.

ಅಂಗಡಿಯವರ ಮಾತನ್ನು ನಂಬುವ ಬದಲು ಸುಟ್ಟು ನೋಡುವುದು ನಂಬಲರ್ಹ. ಎರಡು ಅಂಗುಲ ದಾರವನ್ನು ಚಿಮುಟದಲ್ಲಿ ಹಿಡಿದು, ಕೆಳಗೆ ನೀರಿನ ತಟ್ಟೆ ಇಟ್ಟು, ಕಿಟಕಿ ತೆರೆದು ಬೆಂಕಿ ತಾಗಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮುಟ್ಟಿದರೆ ಉದುರುವ ಬೂದಿ ಉಳಿಯುತ್ತದೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೆಂಕಿ ದೂರ ಮಾಡಿದರೆ ತಾನೇ ಆರುತ್ತದೆ. ಅಕ್ರಿಲಿಕ್ ಆದರೆ ಕಪ್ಪು ಹೊಗೆಯೊಡನೆ ಕರಗುತ್ತಾ ಉರಿದು, ಬೆರಳಿಗೆ ಪುಡಿಯಾಗದ ಗಟ್ಟಿ ಕರಿ ಗುಂಡು ಉಳಿಯುತ್ತದೆ. ಹತ್ತಿ, ಅಕ್ರಿಲಿಕ್ ಬೆರೆಸಿದ ದಾರವೂ ಬರುತ್ತದೆ, ಕೈಗೆ ಬಹಳ ಮೆತ್ತಗೆ. ಸುಟ್ಟಾಗ ಬೂದಿಯೂ ಗುಂಡೂ ಎರಡೂ ಕಂಡರೆ ಅದು ಬೆರಕೆ. ಅದನ್ನೂ ಹಿಡಿಬಟ್ಟೆಗೆ ಬಳಸಬೇಡಿ.

ಹತ್ತಿ ಕರಗುವುದಿಲ್ಲ. ಹೆಚ್ಚೆಂದರೆ ಕಂದಾಗಿ ಸೀಯುತ್ತದೆ, ಅಷ್ಟರಲ್ಲಿ ಬಿಸಿ ಕೈಗೆ ತಿಳಿದಿರುತ್ತದೆ. ಹಾಗೆಂದು ಹತ್ತಿ ದಾರದಲ್ಲಿ ಹೆಣೆದ ಮಾತ್ರಕ್ಕೆ ಹಿಡಿಬಟ್ಟೆ ಆಗಿಬಿಡುವುದಿಲ್ಲ. ನೀವು ಮಾಡಿದ ಮಾದರಿಯಲ್ಲಿ ಹೂವಿನ ನಡುವೆ ಕಿಂಡಿಗಳಿವೆ. ನೋಡಲು ಚೆಂದ, ಆದರೆ ಕಿಂಡಿಯೆಂದರೆ ಬರೀ ಬೆರಳು. ಹಿಡಿಬಟ್ಟೆಗೆ ಗಿಡ್ಡ ಕಂಬ (ಕಡಿಮೆ ಎತ್ತರದ ಹೊಲಿಗೆ) ಮಾತ್ರ, ಒತ್ತೊತ್ತಾಗಿ, ಎರಡು ಪದರ. 36 ಸೆಂಟಿಮೀಟರ್ ಉದ್ದ, 18 ಸೆಂಟಿಮೀಟರ್ ಅಗಲದ ಪಟ್ಟಿ ಹೆಣೆದು ಮಧ್ಯಕ್ಕೆ ಮಡಚಿ ಮೂರು ಅಂಚು ಜೋಡಿಸಿದರೆ ಸಾಕು. ಒಳಗೆ ಹಳೆಯ ಹತ್ತಿ ಟವೆಲ್ಲಿನ ತುಂಡೊಂದನ್ನು ಸೇರಿಸಿದರೆ ಇನ್ನೂ ಒಳ್ಳೆಯದು. ಸ್ಪಂಜಿನ ಹಾಳೆ ಬೇಡ, ಅದೂ ಪ್ಲಾಸ್ಟಿಕ್ಕೇ. ಉಡುಗೊರೆ ಕೊಡುವಾಗ ಒಂದು ಮಾತು ತಪ್ಪದೆ ಹೇಳಿ: ಒದ್ದೆ ಹಿಡಿಬಟ್ಟೆಯಲ್ಲಿ ಬಿಸಿ ಪಾತ್ರೆ ಹಿಡಿಯಬಾರದು. ನೀರು ಬಿಸಿಯನ್ನು ಒಣ ಹತ್ತಿಗಿಂತ ಎಷ್ಟೋ ಬೇಗ ಒಳಗೆ ಸಾಗಿಸುತ್ತದೆ, ಜೊತೆಗೆ ಹಬೆಯಾಗಿ ಕೈಯನ್ನೂ ಸುಡುತ್ತದೆ.

ದಾವಣಗೆರೆಯವರಿಗೆ ಹತ್ತಿಯ ಬಗ್ಗೆ ಹೊರಗಿನವರು ಪಾಠ ಹೇಳುವುದು ವಿಚಿತ್ರವೇ. ಬಟ್ಟೆ ಗಿರಣಿಗಳ ಕಾಲದಲ್ಲಿ ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು, ಗಿರಣಿಯಲ್ಲಿ ದುಡಿದ ಹಿರಿಯರು ದಾರ ಮುಟ್ಟಿಯೇ ಗುಣ ಹೇಳುತ್ತಿದ್ದರು. ಈಗ ಆ ಅರಿವು ಲೇಬಲ್ ಓದುವ ಮಟ್ಟಕ್ಕೆ ಇಳಿದಿದೆ, ಆ ಲೇಬಲ್ ಅನ್ನಾದರೂ ಓದಬೇಕು. ಹತ್ತಿ ದಾರದಲ್ಲೂ ಎರಡು ಬಗೆ. ಮಿರುಗುವ, ನುಣುಪಾದ ದಾರ ಮರ್ಸರೈಸ್ ಮಾಡಿದ್ದು. 1844ರಲ್ಲಿ ಲ್ಯಾಂಕಷೈರಿನ ಜಾನ್ ಮರ್ಸರ್ ಹತ್ತಿಯನ್ನು ಕಾಸ್ಟಿಕ್ ಸೋಡಾದಲ್ಲಿ ಹಾಯಿಸಿದರೆ ಎಳೆ ಉಬ್ಬಿ ದುಂಡಗಾಗುವುದನ್ನು ಕಂಡುಕೊಂಡ. ನಂತರದವರು ಆ ದಾರವನ್ನು ಎಳೆದು ಹಿಡಿದು ಹೊಳಪನ್ನೂ ತಂದರು. ಬಲ ಹೆಚ್ಚು, ಬಣ್ಣ ಚೆನ್ನಾಗಿ ಕೂರುತ್ತದೆ, ವಿನ್ಯಾಸದ ಅಂಚು ಸ್ಪಷ್ಟವಾಗಿ ಕಾಣುತ್ತದೆ. ಮೇಜುಹಾಸು, ಕೈವಸ್ತ್ರದ ಅಂಚಿಗೆ ಇದು. ಪಾತ್ರೆ ಒರೆಸುವ ಬಟ್ಟೆ, ಹಿಡಿಬಟ್ಟೆ, ಮೈ ಉಜ್ಜುವ ಬಟ್ಟೆಗಳಿಗೆ ಮಂಕಾಗಿ ಕಾಣುವ, ಮರ್ಸರೈಸ್ ಮಾಡದ ನಾಲ್ಕೆಳೆಯ ಸಾದಾ ಹತ್ತಿ. ಅದು ನೀರನ್ನು ಬೇಗ ಹೀರುತ್ತದೆ, ಬೆಲೆಯೂ ಕಡಿಮೆ. ಅಂಗಡಿಯಲ್ಲಿ ಮಿರುಗುವುದನ್ನೇ ಮುಂದೆ ಇಟ್ಟಿರುತ್ತಾರೆ, ಸಾದಾ ದಾರವನ್ನು ಕೇಳಿ ತೆಗೆಸಬೇಕು.

ಈಗ ಕೆಂಪು ಅಂಚು. ಉಪ್ಪು, ವಿನೆಗರ್ ಹಾಕಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತು ಯಾವ ಊರಿಗೆ ಹೋದರೂ ಕೇಳಿಬರುತ್ತದೆ, ಹತ್ತಿಯ ಮಟ್ಟಿಗೆ ಅದು ಸುಳ್ಳು. ಬಣ್ಣ ಹಾಕುವ ತೊಟ್ಟಿಯಲ್ಲಿ ಉಪ್ಪು ಬಳಸುವುದುಂಟು, ಬಣ್ಣ ನೀರಿನಿಂದ ನೂಲಿನ ಕಡೆಗೆ ಸರಿಯಲಿ ಎಂದು. ಬಣ್ಣ ಹಾಕಿ ಮುಗಿದು ಅಂಗಡಿಗೆ ಬಂದ ದಾರಕ್ಕೆ ನೀವು ಬಕೆಟ್ಟಿನಲ್ಲಿ ಹಾಕುವ ಉಪ್ಪು ಏನನ್ನೂ ಬಿಗಿಯುವುದಿಲ್ಲ. ವಿನೆಗರಿನಂಥ ಆಮ್ಲ ಕೆಲಸ ಮಾಡುವುದು ಉಣ್ಣೆ, ರೇಷ್ಮೆಗೆ ಹಾಕುವ ಬೇರೆ ಬಗೆಯ ಬಣ್ಣಗಳಲ್ಲಿ. ನಿಮ್ಮ ದಾರದಲ್ಲಿ ಆಗಿರುವುದು ಬಹುಶಃ ಇಷ್ಟು: ಬಣ್ಣ ಹಾಕಿದ ಮೇಲೆ ನೂಲಿಗೆ ಅಂಟದೆ ಮೇಲೆ ಕುಳಿತ ಹೆಚ್ಚುವರಿ ಬಣ್ಣವನ್ನು ತಯಾರಕರು ಪೂರ್ತಿ ತೊಳೆದಿಲ್ಲ. ಕೆಂಪು, ಮರೂನ್, ಕಡುನೀಲಿ, ಕಪ್ಪು ಈ ನಾಲ್ಕರಲ್ಲಿ ಇದು ಸಾಮಾನ್ಯ. ತಡೆಯುವುದು ಸುಲಭ. ಹೆಣೆಯುವ ಮೊದಲು ದಾರದ ಒಂದು ಮೊಳವನ್ನು ಬಿಸಿನೀರಿನಲ್ಲಿ ನೆನೆಸಿ, ಬಿಳಿ ಹತ್ತಿ ಬಟ್ಟೆಯ ನಡುವೆ ಇಟ್ಟು ಒತ್ತಿ ಹಿಂಡಿ. ಬಿಳಿಯ ಮೇಲೆ ಗೆರೆ ಮೂಡಿದರೆ ಆ ದಾರ ಬಿಳಿಯ ಪಕ್ಕದಲ್ಲಿ ಕೂರಲು ಯೋಗ್ಯವಲ್ಲ. ಇಡೀ ಉಂಡೆಯನ್ನು ಲಡಿಯಾಗಿ ಬಿಚ್ಚಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಡಿಟರ್ಜೆಂಟಿನಲ್ಲಿ ನೀರು ತಿಳಿಯಾಗುವವರೆಗೆ ಒಗೆದು ಒಣಗಿಸಿ ಬಳಸಬಹುದು, ಕೆಲವೊಮ್ಮೆ ಸರಿಹೋಗುತ್ತದೆ. ನಾಲ್ಕು ನೀರಿಗೂ ಕೆಂಪು ಬಿಡುತ್ತಲೇ ಇದ್ದರೆ ಅದನ್ನು ಬಾಗಿಲ ತೋರಣಕ್ಕೆ ಎತ್ತಿಡಿ.

ಹಾಳಾದ ಮೇಜುಹಾಸನ್ನು ಎಸೆಯಬೇಕಿಲ್ಲ. ಇಲ್ಲಿ ಕ್ರೋಶೆಯ ಗುಣವೇ ನಿಮ್ಮ ಕಡೆಗಿದೆ. ಅಂಚನ್ನು ಕೊನೆಯಲ್ಲಿ ಹೆಣೆದಿದ್ದೀರಿ, ಆದ್ದರಿಂದ ಅದನ್ನು ಮೊದಲು ಬಿಚ್ಚಬಹುದು, ಒಳಗಿನ ಬಿಳಿ ಭಾಗಕ್ಕೆ ಏನೂ ಆಗುವುದಿಲ್ಲ. ಕೊನೆಯ ಗಂಟು ಎಲ್ಲಿದೆ ಎಂದು ಹುಡುಕಿ ಅಲ್ಲಿಂದ ಎಳೆಯಿರಿ. ಆರಂಭದ ತುದಿಯಿಂದ ಎಳೆದರೆ ಬಿಗಿಯುತ್ತದೆಯೇ ಹೊರತು ಬಿಚ್ಚುವುದಿಲ್ಲ. ಕೆಂಪು ಪೂರ್ತಿ ಹೋದ ಮೇಲೆ ಬಿಳಿ ಭಾಗವನ್ನು ಆಕ್ಸಿಜನ್ ಬ್ಲೀಚ್ ಎಂದು ಸಿಗುವ ಪುಡಿಯಲ್ಲಿ, ಪೊಟ್ಟಣದ ಮೇಲೆ ಬರೆದ ಅಳತೆಗೆ, ಬೆಚ್ಚನೆ ನೀರಿನಲ್ಲಿ ಕೆಲವು ಗಂಟೆ ನೆನೆಸಿ. ಒಂದೇ ಸಲಕ್ಕೆ ಹೋಗದಿದ್ದರೆ ಮತ್ತೊಮ್ಮೆ ಮಾಡಿ. ಕೆಂಪು ಅಂಚು ಇರುವಾಗಲೇ ಹೀಗೆ ನೆನೆಸಿದರೆ ಇನ್ನಷ್ಟು ಕೆಂಪು ಹರಡುವ ಅಪಾಯವಿದೆ. ಕ್ಲೋರಿನ್ ವಾಸನೆಯ ಸಾಮಾನ್ಯ ಬ್ಲೀಚ್ ಕಲೆಯನ್ನು ಬೇಗ ತೆಗೆಯುತ್ತದೆ ನಿಜ, ಹತ್ತಿಯ ಎಳೆಯನ್ನೂ ತಿನ್ನುತ್ತದೆ. ನೇಯ್ದ ಬಟ್ಟೆಯಲ್ಲಿ ಒಂದು ಎಳೆ ಹೋದರೆ ತೂತು ಬಿದ್ದು ಅಲ್ಲಿಗೇ ನಿಲ್ಲುತ್ತದೆ. ಕ್ರೋಶೆಯಲ್ಲಿ ಒಂದು ಕುಣಿಕೆ ಹರಿದರೆ ಪಕ್ಕದ್ದೂ ಸಡಿಲವಾಗುತ್ತಾ ಹೋಗುತ್ತದೆ. ನಾದಿನಿ ಅದನ್ನು ಈಗಾಗಲೇ ಬಿಸಿ ಇಸ್ತ್ರಿ ಮಾಡಿದ್ದರೆ ಕಲೆ ಹೋಗುವುದು ಕಷ್ಟ. ಆಗ ಉಳಿದ ದಾರಿ ಒಂದೇ, ಇಡೀ ಮೇಜುಹಾಸಿಗೆ ಕಡುಬಣ್ಣ ಹಾಕಿಸುವುದು.

ದುಂಡು ಹಾಸಿನ ಲೆಕ್ಕ ಬೇರೆ. ಇಲ್ಲಿ ದಾರ ನಿರಪರಾಧಿ. ಸಪಾಟು ವೃತ್ತ ಬೇಕಾದರೆ ಪ್ರತಿ ಸುತ್ತಿನಲ್ಲಿ ಎಷ್ಟು ಹೊಲಿಗೆ ಹೆಚ್ಚಿಸಬೇಕು ಎಂಬುದು ಹೊಲಿಗೆಯ ಎತ್ತರವನ್ನು ಅವಲಂಬಿಸಿದೆ. ಗಿಡ್ಡ ಕಂಬಕ್ಕೆ ಸುತ್ತಿಗೆ 6, ಅರ್ಧ ಕಂಬಕ್ಕೆ 8, ಒಂದು ಸುತ್ತು ದಾರ ತೆಗೆದುಕೊಂಡು ಹಾಕುವ ಉದ್ದ ಕಂಬಕ್ಕೆ 12. ಹೊಲಿಗೆ ಎತ್ತರವಾದಷ್ಟೂ ವೃತ್ತ ಬೇಗ ಹಿಗ್ಗುತ್ತದೆ, ಪರಿಧಿ ತುಂಬಲು ಹೆಚ್ಚು ಹೊಲಿಗೆ ಬೇಕಾಗುತ್ತದೆ. ಕಡಿಮೆ ಬಿದ್ದರೆ ಅಂಚು ಬಟ್ಟಲಾಗುತ್ತದೆ, ಹೆಚ್ಚಾದರೆ ಲಂಗದ ನೆರಿಗೆಯಂತೆ ಅಲೆಯಾಗುತ್ತದೆ. ನಿಮ್ಮದು ಬಟ್ಟಲಾಗಿದೆ. ಅಜ್ಜಿಯ ಕಾಲದ ಪುಸ್ತಕ ನೋಡಿಕೊಂಡು, ಹೊಲಿಗೆಯನ್ನು ಮೊಬೈಲಿನ ವಿಡಿಯೊದಲ್ಲಿ ಕಲಿತೆ ಎಂದು ಬರೆದಿದ್ದೀರಲ್ಲ, ತೊಡಕು ಅಲ್ಲಿಯೇ ಇರಬೇಕು. ನಮ್ಮಲ್ಲಿ ಹಳೆಯ ಪುಸ್ತಕಗಳು ಬ್ರಿಟಿಷ್ ಕ್ರಮದವು, ವಿಡಿಯೊಗಳು ಬಹುಪಾಲು ಅಮೆರಿಕನ್ ಕ್ರಮದವು. ಬ್ರಿಟಿಷರು ಡಬಲ್ ಎಂದು ಬರೆಯುವ ಹೊಲಿಗೆ ಅಮೆರಿಕನ್ನರ ಸಿಂಗಲ್, ಅಂದರೆ ನಮ್ಮ ಗಿಡ್ಡ ಕಂಬ. ನೀವು ಪುಸ್ತಕದ 6ರ ಲೆಕ್ಕಕ್ಕೆ ವಿಡಿಯೊದ ಉದ್ದ ಕಂಬ ಹಾಕಿದ್ದೀರಿ. ನೀರು ಚಿಮುಕಿಸಿ ಪಿನ್ನು ಚುಚ್ಚಿ ಎಳೆದರೆ ಸರಿಹೋಗುತ್ತದೆಯೇ ಎಂದರೆ, ಸಣ್ಣ ಡೊಂಕಿಗೆ ಆಗುತ್ತದೆ, ಅರ್ಧದಷ್ಟು ಹೊಲಿಗೆಗಳೇ ಕಡಿಮೆಯಿರುವಾಗ ಆಗುವುದಿಲ್ಲ. ಮೂರನೆಯ ಸುತ್ತಿನವರೆಗೆ ಬಿಚ್ಚಿ ಮತ್ತೆ ಹಾಕಿ. ಅಥವಾ ಅದು ಎದ್ದ ದಿಕ್ಕಿನಲ್ಲೇ ಇನ್ನೆರಡು ಸುತ್ತು ಹೆಚ್ಚಿಸದೆ ಹಾಕಿ ಹೂವಿನ ಬುಟ್ಟಿ ಮಾಡಿಬಿಡಿ, ನಾನಾಗಿದ್ದರೆ ಅದನ್ನೇ ಮಾಡುತ್ತಿದ್ದೆ. ಗಟ್ಟಿಯಾಗಿ ನಿಲ್ಲಲು ಗಂಜಿ ಹಾಕಬಹುದು, ಆದರೆ ಅಕ್ಕಿ ಗಂಜಿಯ ವಾಸನೆಗೆ ಜಿರಳೆ ಬರುತ್ತದೆ. ತಿಂಗಳಿಗೊಮ್ಮೆ ತೊಳೆದು ಹೊಸದಾಗಿ ಹಾಕುವ ವ್ಯವಧಾನವಿದ್ದರೆ ಮಾತ್ರ ಅದನ್ನು ಆರಿಸಿಕೊಳ್ಳಿ.

ಅದು ದೇವರ ಮನೆಯ ಹಾಸಾದ್ದರಿಂದ ಇನ್ನೊಂದು ಎಚ್ಚರಿಕೆಯನ್ನು ಕೇಳದೆಯೇ ಹೇಳುತ್ತೇನೆ. ಕಳಶದ ಕೆಳಗೆ, ವಿಗ್ರಹದ ಕೆಳಗೆ ಕ್ರೋಶೆ ಹಾಸಬಹುದು. ದೀಪದ ಕೆಳಗೆ ಬೇಡ, ಹತ್ತಿಯದೂ ಬೇಡ. ಎಣ್ಣೆ ಸೋರಿ ನೆನೆದ ಹತ್ತಿ ಹಾಸಿಗೂ ಬತ್ತಿಗೂ ವ್ಯತ್ಯಾಸವಿಲ್ಲ. ಅಕ್ರಿಲಿಕ್ ಆದರೆ ಉರಿಯುತ್ತಲೇ ಹನಿಯುತ್ತದೆ. ಹಾಕಲೇಬೇಕೆಂದರೆ ಹಾಸಿಗಿಂತ ದೊಡ್ಡದಾದ ಹಿತ್ತಾಳೆ ತಟ್ಟೆಯನ್ನು ಮೇಲಿಟ್ಟು, ಅದರ ಮೇಲೆ ದೀಪ ಇಡಿ. ದೀಪಾವಳಿಗೆಂದೇ ದೀಪದ ಸುತ್ತ ಇಡುವ ಕ್ರೋಶೆ ಹೂಗಳನ್ನು ಉಡುಗೊರೆ ಕೊಡುವುದು ಈಗ ಹೆಚ್ಚಾಗಿದೆ. ಅದನ್ನು ನೋಡಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಮಗುವಿನ ಹೊದಿಕೆಯ ವಿಷಯದಲ್ಲಿ ನಿಮ್ಮ ಅಕ್ಕ ಬೇಸರಪಟ್ಟರೂ ನಾನು ಕಟ್ಟುನಿಟ್ಟು. ಒಂದು ವರ್ಷ ತುಂಬದ ಮಗು ಮಲಗಿರುವಾಗ ಅದರ ಜೊತೆ ಸಡಿಲ ಹೊದಿಕೆ ಇರಬಾರದು ಎನ್ನುತ್ತಾರೆ ಮಕ್ಕಳ ವೈದ್ಯರು, ಅದು ಮುಖದ ಮೇಲೆ ಬಂದರೆ ಸರಿಸಿಕೊಳ್ಳುವ ಶಕ್ತಿ ಮಗುವಿಗೆ ಇರುವುದಿಲ್ಲ. ತೊಟ್ಟಿಲಿಗೆ ಹೊದಿಸುವ ಬದಲು, ಎಚ್ಚರವಿರುವ ಮಗುವನ್ನು ತೊಡೆಯ ಮೇಲೆ ಇಟ್ಟುಕೊಳ್ಳುವಾಗ ಹಾಸಲು, ನಾಮಕರಣದ ದಿನ ಎತ್ತಿಕೊಳ್ಳಲು ಒಂದು ಹತ್ತಿ ಹಾಸು ಮಾಡಿಕೊಡಿ. ಅದರಲ್ಲೂ ದೊಡ್ಡ ಕಿಂಡಿಯ ವಿನ್ಯಾಸ ಬೇಡ, ಪುಟ್ಟ ಬೆರಳು ಅದರಲ್ಲಿ ಸಿಕ್ಕಿಕೊಂಡು ದಾರ ಬಿಗಿದರೆ ರಕ್ತ ಸಂಚಾರ ನಿಲ್ಲುತ್ತದೆ. ಒಳಬದಿಯಲ್ಲಿ ಉದ್ದ ಎಳೆ ತೂಗಾಡದಂತೆ ನೋಡಿಕೊಳ್ಳಿ. ಟೋಪಿ ಮಾಡಿದರೆ ಗದ್ದಕ್ಕೆ ಕಟ್ಟುವ ದಾರ ಇಡಬೇಡಿ. ಗೊಂಬೆ ಮಾಡುವುದಾದರೆ ಅಂಗಡಿಯ ಪ್ಲಾಸ್ಟಿಕ್ ಕಣ್ಣು, ಗುಂಡಿ, ಮಣಿ ಯಾವುದೂ ಬೇಡ. ಮೂರು ವರ್ಷದೊಳಗಿನ ಮಕ್ಕಳ ಗೊಂಬೆಗೆ ಕಣ್ಣನ್ನು ದಾರದಲ್ಲೇ ಕಸೂತಿ ಮಾಡಬೇಕು. ದಾವಣಗೆರೆಯ ಬೇಸಿಗೆಯಲ್ಲಿ ಅಕ್ರಿಲಿಕ್ ಟೋಪಿ ಹಾಕಿದ ಮಗು ಏಕೆ ಅಳುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಯಂತ್ರದ ಮಾತು ಆಡಿದವರಿಗೆ ಒಂದು ಸಂಗತಿ ತಿಳಿಸಿ. ಹೆಣಿಗೆಗೆ, ಅಂದರೆ ಸ್ವೆಟರಿನ ಕೆಲಸಕ್ಕೆ, ಯಂತ್ರಗಳಿವೆ. ಲೇಸಿಗೂ ಇವೆ. ಕ್ರೋಶೆಯ ಕುಣಿಕೆಗಳನ್ನು ಅದೇ ರೀತಿ ಹಾಕಿ ಮಾರುಕಟ್ಟೆಗೆ ಸರಕು ಕೊಡುವ ಯಂತ್ರ ಇಂದಿಗೂ ಇಲ್ಲ. ಅಂಗಡಿಯಲ್ಲಿ ಯಂತ್ರದ ಕ್ರೋಶೆಯೆಂದು ಕಾಣುವುದು ಒಂದೋ ಕ್ರೋಶೆಯಂತೆ ಕಾಣುವ ಲೇಸು, ಇಲ್ಲವೇ ಬೇರೆ ಯಾವುದೋ ಊರಿನ ಹೆಣ್ಣುಮಗಳು ಕಡಿಮೆ ಕೂಲಿಗೆ ಕೂತು ಹೆಣೆದದ್ದು. ಆಂಧ್ರದ ಗೋದಾವರಿ ತೀರದ ನರಸಾಪುರದಲ್ಲಿ 19ನೇ ಶತಮಾನದಲ್ಲಿ ಮಿಷನರಿಗಳು ಕಲಿಸಿದ ಕ್ರೋಶೆ ಲೇಸು ಸಾವಿರಾರು ಮನೆಗಳ ಕಸುಬಾಯಿತು, ವಿದೇಶಕ್ಕೂ ಹೋಗುತ್ತದೆ. ಮಾಡುವವರ ಕೈಗೆ ಸಿಗುವ ಕೂಲಿ ಮಾತ್ರ ಬಹಳ ಸಣ್ಣದು. ಬೆಲೆ ಅಗ್ಗವಾದದ್ದು ಯಂತ್ರದಿಂದಲ್ಲ.

ಇನ್ನು ಕೈ ಮತ್ತು ಕಣ್ಣು. ಕಣ್ಣಿನದು ಬೇಗ ಮುಗಿಯುತ್ತದೆ. ಕ್ರೋಶೆ ಮಾಡಿ ಯಾರ ದೃಷ್ಟಿಯೂ ಹೋಗುವುದಿಲ್ಲ. ನಲವತ್ತರ ಮೇಲೆ ಹತ್ತಿರದ್ದು ಮಸುಕಾಗುವುದು ವಯಸ್ಸಿನ ಸಹಜ ಬದಲಾವಣೆ, ಕ್ರೋಶೆ ಅದನ್ನು ನಿಮ್ಮ ಗಮನಕ್ಕೆ ತಂದಿದೆ ಅಷ್ಟೆ. ಹತ್ತಿರದ ಕನ್ನಡಕ ಮಾಡಿಸಿಕೊಳ್ಳಿ, ಎಡಗಡೆಯಿಂದ ಬೆಳಕು ಬೀಳುವ ಹಾಗೆ ಕುಳಿತುಕೊಳ್ಳಿ, ಕಪ್ಪು ದಾರದ ಕೆಲಸವನ್ನು ಹಗಲಿಗೆ ಇಟ್ಟುಕೊಳ್ಳಿ.

ಕೈಯ ಮಾತು ಹಾಗಲ್ಲ. ರಾತ್ರಿ ಜೋಮು, ಅದರಲ್ಲೂ ಹೆಬ್ಬೆರಳು, ತೋರುಬೆರಳು, ನಡುಬೆರಳಿನಲ್ಲಿ ಎಂದಾದರೆ ಮಣಿಕಟ್ಟಿನ ಇಕ್ಕಟ್ಟಾದ ದಾರಿಯಲ್ಲಿ ನರ ಒತ್ತುತ್ತಿರುವ ಸೂಚನೆ ಇರಬಹುದು. ನಾನು ವೈದ್ಯನಲ್ಲ, ಆದರೆ ಕಲಿಯಲು ಬಂದವರಲ್ಲಿ ಇದನ್ನು ಬಹಳ ಕಂಡಿದ್ದೇನೆ. ಮಧುಮೇಹ, ಥೈರಾಯ್ಡ್ ತೊಂದರೆ ಇರುವವರಲ್ಲಿ ಇದು ಹೆಚ್ಚು. ಹಾಗಾಗಿ ಎಣ್ಣೆ ಹಚ್ಚಿ ತಿಕ್ಕಿಕೊಂಡು ಸುಮ್ಮನಾಗಬೇಡಿ, ಒಮ್ಮೆ ತೋರಿಸಿ. ನಮ್ಮ ಕಡೆಯಿಂದ ಆಗಬೇಕಾದ್ದೂ ಇದೆ. ನಿಮ್ಮ ಚಿತ್ರಗಳಲ್ಲಿ ಹೊಲಿಗೆಗಳು ಬಹಳ ಬಿಗಿಯಾಗಿವೆ. ಬಿಗಿಯಾಗಿ ಹಾಕಿದಷ್ಟು ಗಟ್ಟಿ ಎಂಬುದು ಹಳೆಯ ನಂಬಿಕೆ. ಕ್ರೋಶೆಯ ಬಾಳಿಕೆ ದಾರದ ಗುಣದಿಂದ, ತುದಿಗಳನ್ನು ಸರಿಯಾಗಿ ಸೇರಿಸುವುದರಿಂದ ಬರುತ್ತದೆ. ಬಿಗಿಯಿಂದ ಬರುವುದು ಮಣಿಕಟ್ಟಿನ ನೋವು, ಹಲಗೆಯಂತಹ ಬಟ್ಟೆ. ಈಗ ಬಳಸುತ್ತಿರುವ ಕಡ್ಡಿಗಿಂತ ಅರ್ಧ ಮಿಲಿಮೀಟರ್ ದಪ್ಪದ್ದನ್ನು ತೆಗೆದುಕೊಳ್ಳಿ. ಉಕ್ಕಿನ ಸಣ್ಣ ಕಡ್ಡಿಗಳಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಕಡ್ಡಿ ತೆಳು ಎಂಬುದನ್ನು ಮರೆಯದೆ ಮಿಲಿಮೀಟರ್ ನೋಡಿಯೇ ಕೊಳ್ಳಿ. ದಪ್ಪ ರಬ್ಬರ್ ಹಿಡಿಯ ಕಡ್ಡಿ ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಹಿಡಿಗೆ ಬಟ್ಟೆ ಸುತ್ತಿ. ಅರ್ಧ ಗಂಟೆಗೊಮ್ಮೆ ಕಡ್ಡಿ ಕೆಳಗಿಟ್ಟು ಬೆರಳು ಬಿಡಿಸಿ. ಧಾರಾವಾಹಿ ಮುಗಿಯುವವರೆಗೂ ಒಂದೇ ಭಂಗಿಯಲ್ಲಿ ಕೂರುವುದು ಎಲ್ಲಕ್ಕಿಂತ ಕೆಟ್ಟದ್ದು.

ಹಾಗಾದರೆ ಮದುವೆಯ 60 ಉಡುಗೊರೆ? ಲೆಕ್ಕ ಹಾಕೋಣ. ಲೋಟದ ಕೆಳಗೆ ಇಡುವ ನಾಲ್ಕು ಪುಟ್ಟ ಹಾಸುಗಳ ಒಂದು ಜೊತೆಗೆ, ತುದಿ ಸೇರಿಸುವುದೂ ಸೇರಿ, ಪಳಗಿದ ಕೈಗೆ ಮೂರು ಗಂಟೆ ಎಂದುಕೊಂಡರೂ 60 ಜೊತೆಗೆ 180 ಗಂಟೆ. ದಿನಕ್ಕೆ ಒಂದು ಗಂಟೆಯಂತೆ ಒಂದು ದಿನವೂ ಬಿಡದೆ ಹಾಕಿದರೆ ಆರು ತಿಂಗಳು ಅಲ್ಲಿಗೆ ಮುಗಿಯಿತು. ಸೀರೆ ಅಂಗಡಿ, ಲಗ್ನಪತ್ರಿಕೆ, ಛತ್ರದ ಓಡಾಟ ಎಲ್ಲಿ ಹೋದವು? ಜೋಮು ಹಿಡಿದ ಕೈಗೆ ಇದನ್ನು ಹೊರಿಸಲು ನಾನು ಒಪ್ಪುವುದಿಲ್ಲ. ಬೀಗಿತಿ, ಅವರ ಅತ್ತೆ, ನಾದಿನಿಯರು ಹೀಗೆ ಹತ್ತಿರದ ಹತ್ತು ಹನ್ನೆರಡು ಮಂದಿಗೆ ಪೂರ್ತಿ ಕ್ರೋಶೆಯ ವಸ್ತು ಮಾಡಿ. ಎರಡು ಪದರದ ಹತ್ತಿ ಹಿಡಿಬಟ್ಟೆಗಳ ಒಂದು ಜೋಡಿ, ಇಲ್ಲವೇ ಪಾತ್ರೆ ಒರೆಸುವ ಮೂರು ಬಟ್ಟೆಗಳ ಕಟ್ಟು. ಇವು ಶೋಕೇಸಿಗೆ ಹೋಗದೆ ದಿನವೂ ಬಳಕೆಯಾಗುತ್ತವೆ. ಉಳಿದವರಿಗೆ ಅಂಚು ಮಡಚಿ ಹೊಲಿದ ಬಿಳಿ ಹತ್ತಿ ಕೈವಸ್ತ್ರ ಕೊಂಡು ಅದರ ಒಂದೇ ಬದಿಗೆ ಕ್ರೋಶೆ ಅಂಚು ಹಾಕಿ. ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಕೈಕೆಲಸವೆಂದು ಕಣ್ಣಿಗೂ ಕಾಣುತ್ತದೆ. ಕೈವಸ್ತ್ರವನ್ನು ಮೊದಲೇ ಒಗೆದಿರಬೇಕು, ಇಲ್ಲದಿದ್ದರೆ ಬಟ್ಟೆ ಕುಗ್ಗಿ ಅಂಚು ಸುರುಟುತ್ತದೆ.

ತರಕಾರಿ ಚೀಲದ ಆಲೋಚನೆಯೂ ಇದೆ ಎಂದಿದ್ದೀರಿ. ಹತ್ತಿಯ ಬಲೆ ಚೀಲ ಚೆಂದವೇ, ಆದರೆ ಎರಡು ಕಿಲೋ ಟೊಮೆಟೊ ಹಾಕಿದರೆ ಮೊಣಕಾಲಿಗೆ ಬರುತ್ತದೆ. ತಳವನ್ನು ಗಿಡ್ಡ ಕಂಬದಲ್ಲಿ ಒತ್ತಾಗಿ ಹಾಕಿ, ಬಲೆಯ ಎತ್ತರವನ್ನು ಬೇಕಾದುದಕ್ಕಿಂತ ಕಾಲು ಭಾಗ ಕಡಿಮೆ ಇಟ್ಟು, ಹಿಡಿಕೆಯ ಸಾಲುಗಳು ಹಿಡಿಕೆಯ ಉದ್ದಕ್ಕೂ ಓಡುವಂತೆ ಹೆಣೆದರೆ ಜೋಲುವುದು ಕಡಿಮೆಯಾಗುತ್ತದೆ. ಒಂದು ಮಾಡಿ ನೀವೇ ತಿಂಗಳು ಬಳಸಿ ನೋಡಿ, ಆಮೇಲೆ ಬೇರೆಯವರಿಗೆ ಕೊಡುವ ಮಾತು.

ದಾರವನ್ನು ಒಟ್ಟಿಗೇ ಕೊಂಡುಬಿಡಿ. ಪ್ರತಿ ಉಂಡೆಯ ಲೇಬಲ್ಲಿನಲ್ಲಿ ಬಣ್ಣದ ಸಂಖ್ಯೆಯ ಪಕ್ಕ ಲಾಟ್ ಸಂಖ್ಯೆ, ಅಂದರೆ ಒಂದೇ ಸಲ ಬಣ್ಣ ಹಾಕಿದ ಕಂತಿನ ಗುರುತು, ಇರುತ್ತದೆ. ಬಣ್ಣದ ಸಂಖ್ಯೆ ಒಂದೇ ಆಗಿದ್ದರೂ ಲಾಟ್ ಬದಲಾದರೆ ಬಣ್ಣದ ಛಾಯೆ ಬದಲಾಗುತ್ತದೆ, ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಕಾಣದೆ ಮನೆಯ ಬಿಸಿಲಿನಲ್ಲಿ ಪಟ್ಟೆಯಾಗಿ ಕಾಣುತ್ತದೆ. ಅಂಗೈಯಗಲದ ಒಂದು ತುಂಡು ಹೆಣೆದು, ಅಳೆದು, ಒಗೆದು, ಒಣಗಿಸಿ ಮತ್ತೆ ಅಳೆಯಿರಿ. ಹತ್ತಿ ಕುಗ್ಗುವುದೆಲ್ಲ ಅಲ್ಲೇ ಗೊತ್ತಾಗುತ್ತದೆ. ಪ್ರತಿ ತುದಿಗೂ ಗೇಣುದ್ದ ದಾರ ಬಿಟ್ಟು ಕತ್ತರಿಸಿ, ಸೂಜಿಯಲ್ಲಿ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ, ಮತ್ತೊಮ್ಮೆ ಬಲಕ್ಕೆ ಪೋಣಿಸಿ. ಬರೀ ಗಂಟು ಹಾಕಿ ಹತ್ತಿರ ಕತ್ತರಿಸಿದರೆ ಹತ್ತನೆಯ ಒಗೆತಕ್ಕೆ ಬಿಚ್ಚಿಕೊಳ್ಳುತ್ತದೆ.

ಉಡುಗೊರೆಯ ಜೊತೆ ಒಗೆಯುವ ವಿಧಾನವನ್ನು ಒಂದು ಚೀಟಿಯಲ್ಲಿ ಬರೆದಿಡಿ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಸೋಪು ಅದರೊಡನೆ ಸೇರಿ ಜಿಗುಟು ಬಿಳಿ ಕೆನೆಯಾಗಿ ದಾರದೊಳಗೆ ಕೂರುತ್ತದೆ, ನಾಲ್ಕಾರು ಒಗೆತಕ್ಕೆ ಬಿಳಿ ಹತ್ತಿ ಬೂದಾಗಿ ಬಿರುಸಾಗುತ್ತದೆ. ಸೋಪಿನ ಬದಲು ಡಿಟರ್ಜೆಂಟ್, ಕೊನೆಯ ನೀರಿಗೆ ಒಂದು ಚಮಚ ವಿನೆಗರ್ ಅಥವಾ ಅರ್ಧ ನಿಂಬೆಹಣ್ಣು. ಪಕ್ಕದ ಮನೆಯವರ ವಿನೆಗರ್ ಇಲ್ಲಿ ಉಪಯೋಗಕ್ಕೆ ಬರುತ್ತದೆ. ತಂತಿಗೆ ನೇತುಹಾಕಿದರೆ ನೀರಿನ ಭಾರಕ್ಕೆ ಆಕಾರ ಕೆಡುತ್ತದೆ, ಟವೆಲ್ಲಿನ ಮೇಲೆ ಹರಡಿ ನೆರಳಲ್ಲಿ ಒಣಗಿಸಬೇಕು.

ಇದನ್ನೆಲ್ಲ ಕೈ ತೋರಿಸಿಕೊಂಡು ಬಂದ ಮೇಲೆ ಶುರುಮಾಡಿ. ವೈದ್ಯರು ಒಂದು ತಿಂಗಳು ಕಡ್ಡಿ ಮುಟ್ಟಬೇಡಿ ಎಂದರೆ ಹತ್ತಿರದವರ ಹನ್ನೆರಡು ಕಟ್ಟುಗಳನ್ನು ಆರಕ್ಕೆ ಇಳಿಸಿ, ಕೈವಸ್ತ್ರದ ಅಂಚಿನ ಕೆಲಸವನ್ನು ಕ್ರೋಶೆ ಬಲ್ಲ ಅಕ್ಕನಿಗೂ ಗೆಳತಿಯರಿಗೂ ಹಂಚಿ. ಅದೇ ಲಾಟಿನ ದಾರ, ಅದೇ ಅಳತೆಯ ಕಡ್ಡಿ ಕೊಟ್ಟರೆ ಯಾರ ಕೈ ಯಾವುದು ಎಂದು ಬೀಗರಿಗೆ ತಿಳಿಯುವುದಿಲ್ಲ.